ಹಿಂಭಾರ

ಮಳವಳ್ಳಿ ಸೀಮೆಯ ಆ ಕೆರೆಯಲ್ಲಿ ಹಾಯಿ ಕಟ್ಟಿದ ದೋಣಿ ಇದ್ದದ್ದು ಒಂದೇ. ಅದರ ಒಡತಿ ರಹಮತ್ ಬೀ. ಊರಿನವರು ಹಾಗೆ ಹೇಳುತ್ತಿರಲಿಲ್ಲ. ಅವರ ಮಾತಿನಲ್ಲಿ ಅದು ಅವಳ ಗಂಡ ಜಲಾಲನ ದೋಣಿ. ಜಲಾಲ್ ಊರಲ್ಲಿ ಇಲ್ಲದ ಮೇಲೆ ಅವನ ತಮ್ಮ ಬಾಬು ಜಾನನ ದೋಣಿ. ಆದರೆ ಜಲಾಲ್ ಬೊಂಬಾಯಿಗೆ ಹೊರಡುವ ಮೊದಲಿನ ಶುಕ್ರವಾರ ಇಬ್ಬರು ಹಿರಿಯರನ್ನು ಕೂರಿಸಿಕೊಂಡು, ಮದುವೆಯಲ್ಲಿ ಒಪ್ಪಿ ಹತ್ತು ವರ್ಷವಾದರೂ ಕೊಡದೆ ಉಳಿಸಿಕೊಂಡಿದ್ದ ಮೆಹರಿನ ಹಣಕ್ಕೆ ಬದಲಾಗಿ ದೋಣಿಯನ್ನು ಹೆಂಡತಿಗೆ ಕೊಟ್ಟಿದ್ದ. ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗ ಅವಳು ಬಾಗಿಲ ಮರೆಯಿಂದ ‘ಒಪ್ಪಿದೆ’ ಎಂದಳು. ನಿಕಾಹ್ ದಿನ ಹೇಳಿದ್ದಕ್ಕಿಂತ ಜೋರಾಗಿ ಹೇಳಿದಳೆಂದು ಆಮೇಲೆ ಜಲಾಲ್ ನಕ್ಕ.

ದೋಣಿ ಒಂದೇ ಎಂದರೂ ಅದರ ಮೈ ಎರಡು. ಇಪ್ಪತ್ತೆರಡು ಅಡಿ ಉದ್ದದ ಎರಡು ಸಪೂರ ಹೊನ್ನೆಮರದ ದೋಣಿಗಳನ್ನು ಆಳುದ್ದ ದೂರದಲ್ಲಿಟ್ಟು, ಅಡ್ಡ ತೊಲೆಗಳಿಂದ ಜೋಡಿಸಿ, ಜಲಾಲ್ ಮೇಲೆ ಹಲಗೆ ಹಾಸಿದ್ದ. ನಡುವೆ ಸರ್ವೆಯ ಹಾಯಿಕಂಬ. ಹಾಯಿಬಟ್ಟೆ ಕೊಳೆಯದಿರಲೆಂದು ತಂಗಡಿ ಚಕ್ಕೆ ಬೇಯಿಸಿದ ನೀರಿನಲ್ಲಿ ಅದ್ದಿದ್ದರಿಂದ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಗಾಡಿ ಮಾಡುವವರ ಮನೆಯಲ್ಲಿ ಹುಟ್ಟಿ, ಹದಿನೆಂಟಕ್ಕೆ ಮಂಗಳೂರಿಗೆ ಓಡಿಹೋಗಿ, ಒಂಬತ್ತು ವರ್ಷ ಸರಕಿನ ಹಡಗುಗಳಲ್ಲಿ ದುಡಿದು ಬಂದವನು ಜಲಾಲ್. ಒಂಟಿ ದೋಣಿಯಲ್ಲಿ ನಮ್ಮ ಕಡೆಯವರು ನೆಟ್ಟಗೆ ಕೂರಲಾರರು, ಎದ್ದು ನಿಂತು ಮಗುಚುತ್ತಾರೆ, ಅದಕ್ಕೇ ಜೋಡಿದೋಣಿ ಎನ್ನುತ್ತಿದ್ದ. ಊರು ಅದಕ್ಕೆ ‘ಎತ್ತಿಲ್ಲದ ಗಾಡಿ’ ಎಂದು ಹೆಸರಿಟ್ಟಿತು.

ದೋಣಿ ಕಟ್ಟಿದ ಮೊದಲ ವರ್ಷ ಅವನು ರಹಮತ್ ಬೀಯನ್ನು ಕೂರಿಸಿಕೊಂಡು ನಾಲ್ಕು ದಿನ ಕೆರೆಯ ಮೇಲೆಯೇ ಇದ್ದ. ಎರಡು ಮೈಲಿ ಉದ್ದದ ಕೆರೆ. ಹಿನ್ನೀರು ಹಳ್ಳಗಳೊಳಗೆ ನುಗ್ಗಿ ಎಷ್ಟೋ ಮೂಲೆಗಳನ್ನು ಮಾಡಿತ್ತು. ಚಾಪೆಯ ಗೂಡು ಕಟ್ಟಿ, ಮಣ್ಣಿನ ಒಲೆ ಇಟ್ಟು, ಒಂದೊಂದು ಮೂಲೆಯಲ್ಲಿ ಒಂದೊಂದು ದಿನ ನಿಂತರು. ನೀರಿಗೆ ಬಂದ ಹೆಂಗಸರು ದಂಡೆಯಿಂದ ಕೂಗಿ ಗೇಲಿ ಮಾಡಿದರು. ರಹಮತ್ ಬೀಗೆ ಆ ನಾಲ್ಕು ದಿನದಲ್ಲಿ ನೆನಪು ಉಳಿದದ್ದು ಗಂಡನ ಮಾತಲ್ಲ, ಹಾಯಿಹಗ್ಗ. ಅದನ್ನು ಮೊದಲ ಸಲ ಕೈಗೆ ಕೊಟ್ಟಾಗ ಹಗ್ಗದ ಆ ತುದಿಯಲ್ಲಿ ಯಾರೋ ಇದ್ದಾರೆ ಅನ್ನಿಸಿತು. ಎಳೆದರೆ ಅವರೂ ಎಳೆಯುತ್ತಿದ್ದರು, ಬಿಟ್ಟರೆ ಬಿಡುತ್ತಿದ್ದರು. ಮೂವತ್ತರ ಹೆಂಗಸು, ಮಕ್ಕಳಿರಲಿಲ್ಲ. ತಾನು ಏನಾದರೂ ಮಾಡಿದರೆ ತಕ್ಷಣ ಉತ್ತರ ಬರುವಂಥದ್ದು ಅವಳ ಬದುಕಿನಲ್ಲಿ ಅದುವರೆಗೆ ಯಾವುದೂ ಇರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಹೇಳುವಂಥ ವಿಷಯ ಎಂದೂ ಅನ್ನಿಸಲಿಲ್ಲ.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಯುದ್ಧದ ಹಡಗುಗಳಿಗೆ ಕೆಲಸಗಾರರು ಬೇಕೆಂದು ತಿಳಿದು ಜಲಾಲ್ ಹೊರಟುಹೋದ. ಎರಡು ಮೂರು ತಿಂಗಳಿಗೊಂದು ಕಾಗದ ಬರುತ್ತಿತ್ತು. ರಹಮತ್ ಬೀ ಮೈದುನನ ಮನೆಯಲ್ಲೇ ಇದ್ದಳು. ವಾರಕ್ಕೆರಡು ಸಲ ದೋಣಿ ಬಿಚ್ಚಿ ಆಚೆ ದಡಕ್ಕೆ ಹೋಗಿ ಬರುತ್ತಿದ್ದಳು. ಜೊತೆಗೆ ನೀರುಗಂಟಿ ಹುಚ್ಚೀರಯ್ಯನ ಹೆಂಡತಿ ಚಿಕ್ಕನಂಜಮ್ಮ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ಕೆಲಸ ಹುಚ್ಚೀರಯ್ಯನದು; ಅವನ ಹೆಂಡತಿಗೆ ನೀರಿನ ಭಯ ಇರಲಿಲ್ಲ. ಆಚೆ ದಡದಲ್ಲಿ ಇಳಿದರೆ ಸಂತೆ ರಸ್ತೆ ಹತ್ತಿರ. ಏರಿ ಸುತ್ತಿಕೊಂಡು ನಡೆದರೆ ಮೂರು ಮೈಲಿ.

ಗಾಡಿ ಮಾಡುವ ಬಾಬು ಜಾನನ ಕಣ್ಣು ದೋಣಿಯ ಹಲಗೆಗಳ ಮೇಲಿತ್ತು. ಯುದ್ಧದಿಂದ ಮರ ಸಿಗುತ್ತಿರಲಿಲ್ಲ. ಇದ್ದ ಮರವೆಲ್ಲ ಸರ್ಕಾರಕ್ಕೆ. ಗಾಡಿ ಮಾಡಿಸಲು ಬಂದವರನ್ನು ಅವನು ಹಿಂದಕ್ಕೆ ಕಳಿಸುತ್ತಿದ್ದ. ನೀರು ಕುಡಿದು ಹದವಾದ ಹೊನ್ನೆ ಹಲಗೆ ಕೆರೆಯಲ್ಲಿ ತೇಲಿಕೊಂಡಿತ್ತು.

“ಭಾಬಿ, ಗಂಡ ಊರಲ್ಲಿಲ್ಲದ ಹೆಂಗಸು ಹಗ್ಗ ಹಿಡಿದು ನಿಂತರೆ ನೋಡೋಕೆ ಚೆನ್ನಾಗಿರುತ್ತಾ?” ಎಂದ ಒಂದು ದಿನ ಊಟಕ್ಕೆ ಕೂತಾಗ.

“ನೋಡಬೇಡ,” ಎಂದಳು.

“ಅಣ್ಣ ಬಂದ ಮೇಲೆ ಹೊಸದು ಮಾಡಿಕೊಡ್ತೀನಿ. ಇದನ್ನು ಬಿಚ್ಚೋಣ.”

“ನನ್ನ ಮೆಹರು. ಬಿಚ್ಚೋದು ಕಟ್ಟೋದು ನನ್ನದು.”

ದೋಣಿ ಅವಳದಾದರೂ ಕೆರೆ ಅವಳದಲ್ಲವಲ್ಲ. ಬಾಬು ಜಾನ್ ಪಟೇಲ ರೇವಣ್ಣನವರ ಹತ್ತಿರ ಹೋಗಿ, ಇದು ಇವತ್ತಲ್ಲ ನಾಳೆ ಯಾರನ್ನಾದರೂ ಮುಳುಗಿಸುತ್ತದೆ ಎಂದ. ಸುಳ್ಳು ಹೇಳಿದನೆಂದು ಹೇಳುವಂತಿಲ್ಲ. ಅವನಿಗೆ ಈಜು ಬರುತ್ತಿರಲಿಲ್ಲ, ನೀರಿನ ಮೇಲಿದ್ದದ್ದೆಲ್ಲ ಮುಳುಗುವುದೆಂದೇ ಅವನ ನಂಬಿಕೆ. ಕೆರೆಯಿಂದ ಎಳೆದು ದಡಕ್ಕೆ ಹಾಕಿದ ದೋಣಿ ಬರೀ ಮರ. ಒಂದು ಬೇಸಿಗೆ ಬಿಸಿಲಿಗೆ ಸೀಳುತ್ತದೆ. ಆಗ ಅವಳೇ ತೆಗೆದುಕೋ ಎನ್ನುತ್ತಾಳೆ. ಇಷ್ಟನ್ನು ಅವನು ಪಟೇಲರಿಗೆ ಹೇಳಲಿಲ್ಲ, ರಹಮತ್ ಬೀಗೆ ಹೇಳದೆಯೂ ತಿಳಿಯಿತು.

ಪಟೇಲರು ಅವಳನ್ನು ಜಗಲಿಯ ಹತ್ತಿರ ಕರೆಸಿದರು.

“ನೋಡಮ್ಮ, ಕೆರೆ ನಂದೂ ಅಲ್ಲ ನಿಂದೂ ಅಲ್ಲ, ಊರಿಂದು. ಯಾರಾರ ಮುಳುಗುದ್ರೆ ಅಮಲ್ದಾರ್ರು ಕೇಳಾದು ನನ್ನ. ನಾಳೀಕೆ ನಾನೇ ಕೂತ್ಕಂಡು ನೋಡ್ತೀನಿ. ಸರಿ ಕಂಡ್ರೆ ಇರ್ಲಿ. ಇಲ್ದಿದ್ರೆ ಮ್ಯಾಕ್ಕೆ ಎಳ್ಸು.”

“ನಾಳೆ ಗಾಳಿ ಜಾಸ್ತಿ, ಸ್ವಾಮಿ. ಆಷಾಢ.”

“ಗಾಳೀಲೇ ನೋಡ್ಬೇಕು ಕಣಮ್ಮ. ಗಾಳಿ ಇಲ್ದಾಗ ಕೊರಡೂ ತೇಲ್ತದೆ.”

ಮಾರನೆಯ ಬೆಳಿಗ್ಗೆ ಏಳು ಜನ ಹತ್ತಿದರು. ಪಟೇಲರು, ಅವರ ಇಬ್ಬರು ಆಳುಗಳು, ಹುಚ್ಚೀರಯ್ಯ, ಚಿಕ್ಕನಂಜಮ್ಮ, ಬಾಬು ಜಾನ್. ಏಳನೆಯವಳು ರಹಮತ್ ಬೀ. ಸೆರಗನ್ನು ತಲೆಗೆ ಬಿಗಿದು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಚುಕ್ಕಾಣಿಯ ಬಳಿ ನಿಂತಳು. ಬಾಬು ಜಾನ್ ಅವಳ ಕಾಲ ಹತ್ತಿರವೇ, ಅಡ್ಡತೊಲೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತ.

“ಏನ್ಲಾ ಬಾಬು, ತೊಲೆ ಅಳತೆ ತಗತಿದ್ದೀಯಾ?” ಎಂದ ಹುಚ್ಚೀರಯ್ಯ.

“ತಗೊಂಡಾಯ್ತು ಬುಡು,” ಎಂದ ಬಾಬು. ಮುಖ ಬಿಳಿಚಿತ್ತು.

ಗಾಳಿ ಬೆನ್ನಿಗಿತ್ತು. ಹಾಯಿ ತುಂಬಿಕೊಂಡದ್ದೇ ದೋಣಿ ಹೊರಟಿತು. ಎತ್ತು ಬೆದರಿದ ಗಾಡಿಗಿಂತ ಜೋರಾಗಿ, ಆದರೆ ಸದ್ದಿಲ್ಲದೆ. ಪಟೇಲರು ರುಮಾಲು ಹಿಡಿದುಕೊಂಡು, “ಅರೆರೆ, ಅರೆರೆ” ಎಂದರು. ಅವರ ದನಿಯಲ್ಲಿ ಖುಷಿಯಿತ್ತು. ಅದನ್ನು ಕೇಳಿ ರಹಮತ್ ಬೀ ಹಗ್ಗವನ್ನು ಇನ್ನೊಂದು ಗೇಣು ಸಡಿಲ ಬಿಟ್ಟಳು. ಹಾಯಿ ಇನ್ನೂ ಅಗಲವಾಗಿ ಹರಡಿತು. ದೋಣಿ ಅವಳದಾಗಿಯೇ ಉಳಿಯುತ್ತದೆ ಎಂದು ಆ ಗಳಿಗೆಯಲ್ಲಿ ಅವಳಿಗೆ ಖಾತ್ರಿಯಾಯಿತು.

ಕೆರೆಯ ನಡುವೆ ಅಲೆಗಳು ದೊಡ್ಡವಿದ್ದವು. ಹಿಂದಿನಿಂದ ಬಂದ ಒಂದು ಅಲೆ ದೋಣಿಯ ಅಡಿಯಲ್ಲಿ ನುಸುಳಿ ಮುಂದೆ ಹೋಗುವಾಗ ದೋಣಿಯ ಮೂತಿ ಎದ್ದಿತು. ಎದ್ದು ಅಲ್ಲೇ ನಿಂತಂತೆ ಕಂಡಿತು.

ರಹಮತ್ ಬೀಯ ಅಪ್ಪ ಮದ್ದೂರಿನಲ್ಲಿ ಗಾಡಿ ಮಾಡುತ್ತಿದ್ದ. ಹೊಸ ಗಾಡಿಗೆ ಎತ್ತು ಕಟ್ಟಿದ ದಿನ ಕೇರಿಯ ಮಕ್ಕಳನ್ನೆಲ್ಲ ತುಂಬಿಕೊಂಡು ಏರಿನಲ್ಲೂ ಇಳಿಜಾರಿನಲ್ಲೂ ಓಡಿಸಿ ನೋಡುವುದು ಅವನ ಪದ್ಧತಿ. ಏರು ಬಂದರೆ ಹಿಂಭಾರವಾಗಿ ಎತ್ತು ಕಟ್ಟುವ ಮೂಕಿಮರ ಮೇಲಕ್ಕೇಳುತ್ತದೆ, ನೊಗ ಎತ್ತಿನ ಕೊರಳನ್ನು ಎತ್ತುತ್ತದೆ. ಆಗ ಅವನು “ಮುಂದಕ್ಕೆ!” ಎಂದು ಕೂಗುತ್ತಿದ್ದ, ಮಕ್ಕಳೆಲ್ಲ ನಗುತ್ತ ಮುಂದಕ್ಕೆ ಜರುಗುತ್ತಿದ್ದರು. ಇಳಿಜಾರಿಗೆ “ಹಿಂದಕ್ಕೆ!” ಆರು ವರ್ಷಕ್ಕೆ ಕಲಿತದ್ದು. ನೀರಿನ ಮೇಲೆ ಅದು ತಿರುಗುಮುರುಗು ಎಂದು ಜಲಾಲ್ ಹತ್ತು ಸಲ ಹೇಳಿದ್ದ. ಗಾಳಿ ಬೆನ್ನಿಗಿರುವಾಗ ಹಾಯಿ ದೋಣಿಯ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ, ಜನ ಹಿಂದೆಯೇ ಇರಬೇಕು, ಮೂತಿ ನೀರೊಳಗೆ ಹೊಕ್ಕರೆ ಮುಗಿಯಿತು ಎಂದು. ಅದು ಅವಳಿಗೆ ಗೊತ್ತಿತ್ತು. ಕೇಳಿದ್ದರೆ ಬಾಯಲ್ಲಿ ಹೇಳುತ್ತಿದ್ದಳು.

ಮೂತಿ ಎದ್ದದ್ದನ್ನು ಕಂಡು ಅವಳು ಕೂಗಿದಳು:

“ಮುಂದಕ್ಕೆ! ಎಲ್ಲರೂ ಮುಂದಕ್ಕೆ ಬನ್ನಿ!”

ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ಗಾಡಿಯಲ್ಲಿ ಬೆಳೆದ ಐದು ಮೈಗಳು ಒಟ್ಟಿಗೆ ಮುಂದಕ್ಕೆ ಜರುಗಿದವು. ಬಾಬು ಜಾನ್ ಮಾತ್ರ ತೊಲೆ ಬಿಡಲಿಲ್ಲ.

“ಬಾಬು, ನೀನೂ!”

“ಬರಲ್ಲ.”

ಅಲೆ ಕಳೆದು ಮೂತಿ ಇಳಿಯಿತು. ಇಳಿದದ್ದು ನಿಲ್ಲಲಿಲ್ಲ. ಹಿಂದಿನಿಂದ ಗಾಳಿ ನೂಕಿತು. ಎರಡೂ ದೋಣಿಗಳ ತುದಿ ನೀರೊಳಗೆ ಹೊಕ್ಕವು. ನೀರು ಹಲಗೆಯ ಮೇಲೆ ಗೋಡೆಯಂತೆ ನಡೆದುಬಂತು. ಪಟೇಲರ ರುಮಾಲು ಹೋಯಿತು. ಹಿಂಬದಿ ಅವಳ ಕಾಲಡಿಯಲ್ಲಿ ಎದ್ದಿತು, ಚುಕ್ಕಾಣಿ ಗಾಳಿಯಲ್ಲಿ ಆಡಿತು. ಬಾಬು ಜಾನನ ಭಾರ ಅಲ್ಲಿ ಇಲ್ಲದಿದ್ದರೆ ದೋಣಿ ಮುಂದಕ್ಕೆ ಲಾಗ ಹಾಕುತ್ತಿತ್ತು. ಅವಳು ಹಗ್ಗ ಬಿಟ್ಟಳು. ಹಾಯಿ ಸೋತು ಪಟಪಟ ಬಡಿದುಕೊಂಡಿತು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೂತಿ ನಿಧಾನವಾಗಿ ನೀರಿನಿಂದ ಮೇಲೆ ಬಂತು.

ಆಚೆ ದಡದಲ್ಲಿ ಬಟ್ಟೆ ಹಿಂಡಿಕೊಳ್ಳುತ್ತ ಪಟೇಲರು ಕೇಳಿದರು, “ಇಂದ್ಗಡೆ ಕೂತಿದ್ದೋನು ಯಾರ್ಲಾ?”

“ಬಾಬು ಜಾನು. ಬಾ ಅಂದ್ರೂ ಬರ್ನಿಲ್ಲ,” ಎಂದ ಒಬ್ಬ ಆಳು.

“ಅದ್ಕೇ ಮತ್ತೆ! ಇಂಭಾರ ಆಗಿ ಮೂತಿ ಎದ್ದು, ಎದ್ದುದ್ದು ದೊಪ್ ಅಂತ ಬಿತ್ತು. ಅಲ್ಲಯ್ಯಾ, ಗಾಡಿ ಮಾಡೋನಾಗಿ ನಿಂಗೆ ಅಷ್ಟು ತಿಳಿಯಾಕಿಲ್ವಾ? ಈ ಹೆಣ್ಮಗ ಕೂಗ್ತಾನೆ ಅವ್ಳೆ.”

“ಬೇಕೂಂತ್ಲೇ ಕೂತಿದ್ದ ಅಂತೀನಿ,” ಎಂದ ಹುಚ್ಚೀರಯ್ಯ. “ದೋಣಿ ಮುಳುಗ್ಲಿ, ಮರ ಸಿಗ್ಲಿ ಅಂತ.”

“ಅವ್ನೂ ಮುಳುಗ್ತಿದ್ನಲ್ಲ, ಪೆದ್ದ!” ಎಂದಳು ಚಿಕ್ಕನಂಜಮ್ಮ. ಎಲ್ಲರೂ ನಕ್ಕರು. ಬಾಬು ಜಾನ್ ತಲೆ ತಗ್ಗಿಸಿ ಒದ್ದೆ ಅಂಗಿಯ ಗುಂಡಿ ಬಿಚ್ಚುತ್ತಿದ್ದ.

ಪಟೇಲರು ರಹಮತ್ ಬೀ ಕಡೆ ತಿರುಗಿದರು. “ನೀನು ಸರ್ಯಾಗೇ ನಡ್ಸುದ್ದೀಯ. ದೋಣಿ ಇರ್ಲಿ. ಆದ್ರೆ ಬರೀ ಆಟಕ್ಕಾದ್ರೆ ಬ್ಯಾಡ. ಸಂತೆ ದಿನ ಜನ್ರ ದಾಟ್ಸು. ಕೂತೋರು ಮುಂದ್ಕೇ ಕೂತ್ಕಬೇಕು ಅಂತ ನಾನೇ ಏಳ್ಕಳಿಸ್ತೀನಿ.”

ಅವಳು ತಲೆಯಾಡಿಸಿದಳು. ಅವರೆಲ್ಲ ಏರಿಯ ಮೇಲೆ ನಡೆದು ಊರಿಗೆ ಹೊರಟರು.

ದೋಣಿಯನ್ನು ಅವಳು ಒಬ್ಬಳೇ ಗಳ ಊರಿಕೊಂಡು ದಂಡೆ ಹಿಡಿದು ಹಿಂದಕ್ಕೆ ತಂದಳು. ಎದುರುಗಾಳಿಗೆ ಮೂರು ಗಂಟೆ ಹಿಡಿಯಿತು. ಮೊದಲ ಗಂಟೆ ಸುಖವಾಗಿತ್ತು. ದೋಣಿ ಉಳಿಯಿತು, ಮೈದುನ ಬಾಯಿ ಮುಚ್ಚಿದ, ತಾನು ಕೇಳದೆಯೇ ಎಲ್ಲ ಆಯಿತು. ಎರಡನೆಯ ಗಂಟೆಯಲ್ಲಿ ಸಂತೆಯ ದಿನ ಕಣ್ಣಿಗೆ ಬಂತು. ಜನ ಹತ್ತುತ್ತಾರೆ, ಪಟೇಲರ ಮಾತಿನಂತೆ ಮುಂದೆ ಹೋಗಿ ಕೂರುತ್ತಾರೆ. ಹಿಂದೆ ಬಾಬು ಜಾನ್ ಇರುವುದಿಲ್ಲ. ತನ್ನ ಬಾಯಿಂದ ಹೊರಟ ತಪ್ಪು ಈಗ ಊರಿನ ಕಟ್ಟಳೆಯಾಗಿತ್ತು.

ಹೊತ್ತಿಳಿಯುವ ಮೊದಲೇ ಅವಳು ಪಟೇಲರ ಜಗಲಿಗೆ ಹೋದಳು.

“ತಪ್ಪು ನನ್ನದು ಸ್ವಾಮಿ. ನೀರಿನಲ್ಲಿ ಹಿಂದೆ ಕೂರಬೇಕು. ಮುಂದಕ್ಕೆ ಬನ್ನಿ ಅಂದದ್ದೇ ತಪ್ಪು. ಬಾಬು ಹಿಂದೆ ಕೂತಿದ್ದಕ್ಕೆ ಉಳಿದೆವು.”

ಪಟೇಲರು ಅವಳನ್ನು ದಿಟ್ಟಿಸಿ ನೋಡಿ, ಒಳಗಿದ್ದ ಹೆಂಡತಿಗೆ ಕೇಳಿಸುವಂತೆ ಅಂದರು, “ನೋಡ್ದಾ ಮುದ್ದಮ್ಮ? ಮೈದ್ನನ ಮಾನ ಉಳ್ಸಾಕೆ ಬಂದವ್ಳೆ. ಮನೇಲಿ ಇಂಥ ಒಬ್ಳು ಇರ್ಬೇಕು ಕಣೆ.”

“ಅಲ್ಲ ಸ್ವಾಮಿ, ನಿಜವಾಗಿ...”

“ಆಯ್ತು ಆಯ್ತು. ಅವ್ನಿಗೆ ನಾನು ಏನೂ ಅನ್ನಾಕಿಲ್ಲ, ಓಗು.”

ಮುದ್ದಮ್ಮ ಹೊರಗೆ ಬಂದು ಮಡಿಲಿಗೆ ನಾಲ್ಕು ಬಾಳೆಹಣ್ಣು ಹಾಕಿದಳು. ರಹಮತ್ ಬೀ ಅವನ್ನು ಹಿಡಿದುಕೊಂಡು ಬೀದಿಯಲ್ಲಿ ನಡೆದಳು. ಅವರಿಗೆ ಅವಳು ಒಳ್ಳೆಯ ಹೆಂಗಸು. ದೋಣಿ ನಡೆಸುವವರು ತಪ್ಪುತ್ತಾರೆ. ಒಳ್ಳೆಯ ಹೆಂಗಸು ತಪ್ಪಲಾರಳು, ತಪ್ಪನ್ನು ಮೇಲೆ ಹಾಕಿಕೊಳ್ಳುತ್ತಾಳೆ ಅಷ್ಟೆ. ಅವಳು ಕಲಿತದ್ದಾಗಲಿ, ಮರೆತದ್ದಾಗಲಿ ಆ ಜಗಲಿಯ ಮೇಲೆ ಲೆಕ್ಕಕ್ಕೆ ಬರಲಿಲ್ಲ.

ಮನೆಯಲ್ಲಿ ಬಾಬು ಜಾನ್ ಚಕ್ರದ ನಡುವಿನ ಗುಂಭಕ್ಕೆ ಉಳಿ ಹೊಡೆಯುತ್ತಿದ್ದ. ತಲೆ ಎತ್ತದೆ ಹೇಳಿದ:

“ತಪ್ಪು ನಿನ್ನದು, ಭಾಬಿ.”

ಅವಳು ನಿಂತಳು.

“ಎಲ್ಲರೂ ಮುಂದಕ್ಕೆ ಹೋದಾಗ ನನ್ನ ಕೆಳಗೆ ತೊಲೆ ಎದ್ದಿತು. ಹಗುರಾದದ್ದು ಹಿಂಬದಿ. ಭಾರ ಎಲ್ಲಿ ಕೂತಿದೆ ಅಂತ ನನಗೆ ತಿಳಿಯೋದಿಲ್ಲವಾ?”

“ಮತ್ತೆ ಪಟೇಲರಿಗೆ ಯಾಕೆ ಹೇಳಲಿಲ್ಲ?”

“ಏನಂತ ಹೇಳಲಿ? ತಿಳಿದು ಕೂತಿದ್ದೆ ಅಂತಲಾ? ನೀನು ಹೇಳಿದ್ದನ್ನು ಕೇಳಬಾರದು ಅಂತ ಕೂತಿದ್ದೆ.” ಉಳಿ ಇನ್ನೆರಡು ಏಟು ತಿಂದಿತು. “ಭಯವೂ ಇತ್ತು.”

“ನನ್ನದೇ ತಪ್ಪು,” ಎಂದಳು. ಬಾಳೆಹಣ್ಣನ್ನು ಅವನ ಮುಂದಿಟ್ಟು ಒಳಗೆ ಹೋದಳು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಯಾರಾದರೂ ಅವಳನ್ನು ಬೈದದ್ದು ಇದೇ ಮೊದಲಲ್ಲ, ಆದರೆ ಸರಿಯಾದ ಕಾರಣಕ್ಕೆ ಬೈದದ್ದು ಮೊದಲು.

ಸಂತೆಯ ದಿನ ಹನ್ನೊಂದು ಜನ ಬುಟ್ಟಿ, ಕೋಳಿ, ಹುರುಳಿ ಮೂಟೆಗಳೊಂದಿಗೆ ದಂಡೆಯಲ್ಲಿ ನಿಂತಿದ್ದರು. ಹುಚ್ಚೀರಯ್ಯ ತೂಬಿನ ಕಲ್ಲಿನ ಮೇಲೆ ಕೂತಿದ್ದ. ನೋಡಿಕೊಂಡು ಬಂದು ಹೇಳೆಂದು ಪಟೇಲರು ಕಳಿಸಿದ್ದರು. ಗಾಳಿ ಅವತ್ತಿನಂತೆಯೇ ಇತ್ತು. ಜನ ಹತ್ತಿದರು, ಹತ್ತಿದವರೆಲ್ಲ ಹಾಯಿಕಂಬ ದಾಟಿ ಮೂತಿಯ ಹತ್ತಿರ ಒತ್ತಿಕೊಂಡು ಕೂತರು.

“ಹಿಂದಕ್ಕೆ ಬನ್ನಿ,” ಎಂದಳು ರಹಮತ್ ಬೀ.

“ಪಟೇಲ್ರು ಮುಂದ್ಕೆ ಅಂದವ್ರೆ ಕಣಮ್ಮ.”

“ದೋಣಿ ನನ್ನದು. ಕಂಬದ ಆಚೆ ಯಾರೂ ಕೂರುವಂತಿಲ್ಲ. ಕೂತರೆ ಬಿಡೋದಿಲ್ಲ.”

“ಅವತ್ತು ನೀನೇ ಮುಂದ್ಕೆ ಮುಂದ್ಕೆ ಅಂತ ಬಡ್ಕಂಡೆ!” ಎಂದಳು ಚಿಕ್ಕನಂಜಮ್ಮ.

“ಅವತ್ತು ತಪ್ಪಿದೆ.”

“ಇವತ್ತು ತಪ್ಪಾಕಿಲ್ಲ ಅಂತ ಏನ್ ಗ್ಯಾರಂಟಿ?” ಎಂದ ಒಬ್ಬ. ರಹಮತ್ ಬೀ ಹಾಯಿಹಗ್ಗವನ್ನು ಸುತ್ತಿ ಕಂಬಕ್ಕೆ ನೇತುಹಾಕಿದಳು.

ಹುಚ್ಚೀರಯ್ಯ ಕಲ್ಲಿನಿಂದ ಎದ್ದ. “ಬುಡಾಕಿಲ್ಲ ಅಂದ್ರೆ ಇವಾಗ್ಲೇ ಏಳ್ಬುಡು ರಹಮತ್ತಮ್ಮ. ಪಟೇಲ್ರಿಗೆ ಏಳ್ತೀನಿ. ನಾಳೀಕೇ ಎಳ್ಸಾಕ್ತಾರೆ.”

“ಹೇಳಿ.”

ದೋಣಿ ಹೋಗುವುದಾದರೆ ಹೀಗೆಯೇ ಹೋಗಲಿ ಎಂದು ಅವಳಿಗೆ ಆ ಕ್ಷಣ ಅನ್ನಿಸಿತು. ಜನರನ್ನು ಮುಂದೆ ಕೂರಿಸಿ ಉಳಿಸಿಕೊಂಡ ದೋಣಿ ಮೊದಲ ದೊಡ್ಡ ಅಲೆಯವರೆಗೆ ಮಾತ್ರ ಅವಳದು.

ಆಗ ಬಾಬು ಜಾನ್ ಏರಿಯಿಂದ ಇಳಿದು ಬಂದ. ಹೆಗಲ ಮೇಲೆ ಚಕ್ರದ ಕಬ್ಬಿಣದ ಪಟ್ಟೆ. ಸಂತೆ ರಸ್ತೆಯ ಬದಿಯಲ್ಲಿ ಒಂದು ಗಾಡಿ ರಿಪೇರಿ ಇದೆ ಎಂದ. ಯಾರನ್ನೂ ನೋಡದೆ ದೋಣಿ ಹತ್ತಿ, ಪಟ್ಟೆಯನ್ನು ಹಿಂದಿನ ಹಲಗೆಯ ಮೇಲಿಟ್ಟು, ಹೋದ ಸಲ ಕೂತಿದ್ದ ಜಾಗದಲ್ಲೇ ಕೂತು ತೊಲೆ ತಬ್ಬಿಕೊಂಡ.

“ಅಯ್ಯಯ್ಯೋ, ಇವ್ನು ಬಂದ!” ಎಂದು ಮೊದಲು ಇಳಿದವಳು ಕೋಳಿಬುಟ್ಟಿಯವಳು. “ಇವ್ನು ಇಂದ್ಕೆ ಕೂತ್ರೆ ನಾವು ಬರಾಕಿಲ್ಲ ಕಣಪ್ಪ.” ಒಬ್ಬೊಬ್ಬರೇ ಇಳಿದರು. ಚಿಕ್ಕನಂಜಮ್ಮನೂ ಇಳಿದಳು. ಹಲಗೆಯ ಮೇಲೆ ಒಂದು ಹುರುಳಿ ಮೂಟೆ ಉಳಿಯಿತು, ಅದನ್ನೂ ಯಾರೋ ಎಳೆದುಕೊಂಡರು.

ರಹಮತ್ ಬೀ ಮೈದುನನನ್ನು ನೋಡಿದಳು.

“ಬಿಡು ಭಾಬಿ. ಹೊತ್ತಾಯ್ತು ನನಗೆ.”

ಅವಳು ಬಿಟ್ಟಳು. ದೋಣಿ ನಡುಕೆರೆಗೆ ಬಂದಾಗ ಅಲೆ ಅಡಿಯಲ್ಲಿ ನುಸುಳಿ ಮೂತಿ ಎತ್ತಿತು. ‘ಮುಂದಕ್ಕೆ’ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ಸುಮ್ಮನೆ ನಿಂತಳು. ಮೂತಿ ಇಳಿಯಿತು, ನೀರನ್ನು ಒಂದು ಗೇಣು ಸೀಳಿತು, ಮತ್ತೆ ಎದ್ದಿತು. ಹಲಗೆ ಒಣಗಿಯೇ ಇತ್ತು. ಬಾಬು ಜಾನನ ಕೈ ತೊಲೆಯ ಮೇಲಿತ್ತು, ಕಣ್ಣು ಒಂದೊಂದು ಹಲಗೆಯ ಉದ್ದವನ್ನೂ ಸಾವಕಾಶವಾಗಿ ಅಳೆಯುತ್ತಿತ್ತು. ಅವಳಿಗೆ ಕಂಡಿತು. ಅಳೆಯಲಿ ಎಂದುಕೊಂಡಳು.

ಆಚೆ ದಡದಲ್ಲಿ ಅವನು ಪಟ್ಟೆ ಹೊತ್ತು ಇಳಿದು, ರಸ್ತೆ ಹತ್ತಿದ.

ಅವಳು ಗಳ ಊರಿಕೊಂಡು ಹಿಂದಿರುಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹನ್ನೊಂದು ಜನರಲ್ಲಿ ಏಳು ಜನ ಏರಿ ಸುತ್ತಿಕೊಂಡು ಸಂತೆಗೆ ಹೋಗಿಬಿಟ್ಟಿದ್ದರು. ಚಿಕ್ಕನಂಜಮ್ಮ, ಕೋಳಿಬುಟ್ಟಿಯವಳು, ಇನ್ನಿಬ್ಬರು ಬೇವಿನ ನೆರಳಲ್ಲಿ ಕೂತಿದ್ದರು. ಹುಚ್ಚೀರಯ್ಯ ಕಲ್ಲಿನ ಮೇಲೆಯೇ ಇದ್ದ.

“ನೆನೀನೇ ಇಲ್ವಲ್ಲ ಅವ್ನು,” ಎಂದ ಹುಚ್ಚೀರಯ್ಯ. “ನಾನು ಇಲ್ಲಿಂದ್ಲೇ ನೋಡ್ತಿದ್ದೆ. ಮೂತಿ ಒಂದ್ಸಲನೂ ಒಳೀಕೆ ಓಗ್ನಿಲ್ಲ. ಈಗ ಪಟೇಲ್ರಿಗೆ ಏನಂತ ಏಳ್ಲಿ?”

“ಕಂಡದ್ದು ಹೇಳಿ.”

“ಕಂಡುದ್ದ ಏಳುದ್ರೆ ಅವ್ರು ಅವತ್ತು ಅಂದುದ್ದು ತಪ್ಪಾಯ್ತದಲ್ಲ.”

“ಅವರದಲ್ಲ, ನನ್ನದು ಅಂತ ಹೇಳಿ.”

ಅವನು ತಲೆ ಕೆರೆದುಕೊಂಡ. ಚಿಕ್ಕನಂಜಮ್ಮ ಎದ್ದು ಸೀರೆ ಕೊಡವಿಕೊಂಡು, “ಅದ್ರಲ್ಲೇನು ಏಳಾಕೆ! ಮೂದೇವಿಯಂಗೆ ಕೂತ್ಕಂಡು ಯೋಚ್ನೆ ಮಾಡ್ತಾನೆ ನನ್ ಗಂಡ,” ಎನ್ನುತ್ತ ದೋಣಿ ಹತ್ತಿ ರಹಮತ್ ಬೀಯ ಕಾಲ ಬಳಿ ಚಕ್ಕಳಮಕ್ಕಳ ಹಾಕಿ ಕೂತಳು. ಉಳಿದ ಮೂವರಲ್ಲಿ ಇಬ್ಬರು ಅವಳ ಬೆನ್ನಿಗೆ ಬೆನ್ನು ತಾಗಿಸಿ ಕೂತರು. ಕೋಳಿಬುಟ್ಟಿಯವಳು ಹಾಯಿಕಂಬದ ಆಚೆ ಬುಟ್ಟಿ ಇಳಿಸಿದಳು.

“ಕಂಬದ ಆಚೆ ಅಲ್ಲಮ್ಮ, ಈಚೆ,” ಎಂದಳು ರಹಮತ್ ಬೀ.

“ಕೋಳಿ ಮುಂದ್ಕಿಟ್ರೆ ಆಯ್ತದಾ?”

“ಕೋಳಿಯೂ ಹಿಂದೆ.”

ಅವಳು ಗೊಣಗುತ್ತ ಬುಟ್ಟಿ ಎತ್ತಿಕೊಂಡು ಹಿಂದಕ್ಕೆ ಬಂದಳು. ರಹಮತ್ ಬೀ ನೆಲಕ್ಕೆ ಗಳ ಊರಿ ದೋಣಿಯನ್ನು ದಂಡೆಯಿಂದ ನೂಕಿದಳು, ಹಗ್ಗ ಬಿಚ್ಚಿ ಕೈಗೆ ತೆಗೆದುಕೊಂಡಳು.